ಪುಸ್ತಕ ಕೊಟ್ಟವಳು

ಗಂಡಸಿ ಹೋಬಳಿಯ ಒಂದು ಹಳ್ಳಿಯ ಗ್ರಂಥಾಲಯಕ್ಕೆ ನಾನು ಮೇಲ್ವಿಚಾರಕಿಯಾಗಿ ಬಂದು ಒಂಬತ್ತು ವರ್ಷವಾಯಿತು. ಹುಟ್ಟಿದ್ದು ಬಿಕ್ಕೋಡಿನಲ್ಲಿ. ಮದುವೆಯಾಗಲಿಲ್ಲ. ಅದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಅಮ್ಮನ ಕಾಯಿಲೆ ಮುಗಿಯುವ ಹೊತ್ತಿಗೆ ಕೇಳಿಕೊಂಡು ಬರುವವರು ನಿಂತುಹೋಗಿದ್ದರು. ಇಲ್ಲಿ ಒಬ್ಬ ಕೊಬ್ಬರಿ ವ್ಯಾಪಾರಿಯ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೇನೆ. ಮನೆಯೊಡತಿ ಮೊದಲ ದಿನದಿಂದಲೂ ಸಂಜೆ ಒಂದು ಬಟ್ಟಲು ಸಾರು ತಂದು ಕಿಟಕಿಯ ಮೇಲಿಟ್ಟು, ಎರಡು ಮಾತಾಡಿ ಹೋಗುತ್ತಿದ್ದರು. ದಿನದಲ್ಲಿ ದೊಡ್ಡವರೊಬ್ಬರು ನನ್ನ ಜೊತೆ ಸುಮ್ಮನೆ ಮಾತಾಡುತ್ತಿದ್ದುದು ಅಷ್ಟೇ ಹೊತ್ತು.

ಗ್ರಂಥಾಲಯ ಅಂದರೆ ಪಂಚಾಯಿತಿ ಕಚೇರಿಗೆ ಅಂಟಿಕೊಂಡ ಒಂದೇ ಕೋಣೆ. ಬೆಳಿಗ್ಗೆ ಗಂಡಸರು ಬಂದು ಪೇಪರಿನಲ್ಲಿ ಅರಸೀಕೆರೆ ಮಾರುಕಟ್ಟೆಯ ಕೊಬ್ಬರಿ ಧಾರಣೆ ನೋಡಿ ಎದ್ದು ಹೋಗುತ್ತಾರೆ. ನಾಲ್ಕೂವರೆಗೆ ಶಾಲೆ ಬಿಟ್ಟ ಮೇಲೆ ಮಕ್ಕಳು. ನಾನು ಬದುಕುತ್ತಿದ್ದುದು ಆ ಒಂದೂವರೆ ಗಂಟೆಗಾಗಿ ಎಂದರೆ ಸುಳ್ಳಲ್ಲ.

ಎಂಟನೇ ಕ್ಲಾಸಿನ ಒಬ್ಬ ಹುಡುಗಿ ಎಲ್ಲರೂ ಹೋದ ಮೇಲೂ ಉಳಿಯುತ್ತಿದ್ದಳು. ತಾಯಿ ಇಲ್ಲದ ಮಗು. ಅಪ್ಪ ತೆಂಗಿನ ತೋಟ ನೋಡಿಕೊಳ್ಳುತ್ತಿದ್ದರು, ಮನೆಯಲ್ಲಿ ಅಜ್ಜಿ. ಒಂದು ದಿನ ಅವಳು ಬೀರುವಿನ ಬಾಗಿಲು ಹಿಡಿದುಕೊಂಡು, ನನ್ನ ಕಡೆ ನೋಡದೆ ಕೇಳಿದಳು.

"ಮಿಸ್, ಹೊಟ್ಟೆನೋವಿನ ಬಗ್ಗೆ ಯಾವ್ದಾದ್ರೂ ಪುಸ್ತಕ ಐತಾ?"

ಯಾವ ಹೊಟ್ಟೆನೋವು ಎಂದು ನಾನು ಕೇಳಲಿಲ್ಲ. ದೊಡ್ಡವರ ಬೀರುವಿನಲ್ಲಿ, ಹೆಣ್ಣುಮಕ್ಕಳ ಮೈಯಲ್ಲಿ ಆಗುವ ಬದಲಾವಣೆಗಳ ಬಗ್ಗೆ ಒಬ್ಬ ವೈದ್ಯೆ ತಿಳಿಯಾಗಿ ಬರೆದ ಪುಸ್ತಕವಿತ್ತು, ರೇಖಾಚಿತ್ರಗಳಿದ್ದವು. ಹಳೇ ಪೇಪರಿನಲ್ಲಿ ಸುತ್ತಿ ನಾನೇ ಅವಳ ಬ್ಯಾಗಿಗೆ ಹಾಕಿದೆ. ರಿಜಿಸ್ಟರಿನಲ್ಲಿ ಬರೆಯಲಿಲ್ಲ. ಅವಳಿಗೆ ನಾಚಿಕೆಯಾಗಬಾರದೆಂದು ಹಾಗೆ ಮಾಡಿದೆ ಎಂದುಕೊಂಡಿದ್ದೆ. ನನಗೂ ಹೆದರಿಕೆಯಿತ್ತು ಎಂಬುದು ಆಮೇಲೆ ತಿಳಿಯಿತು.

ನಾಲ್ಕು ದಿನಕ್ಕೆ ಅಜ್ಜಿ ಹಾಸಿಗೆ ಸುರುಳಿ ಬಿಚ್ಚುವಾಗ ಪುಸ್ತಕ ಕೆಳಗೆ ಬಿತ್ತಂತೆ. ಆಕೆಗೆ ಓದು ಬರುವುದಿಲ್ಲ, ಚಿತ್ರ ಸಾಕಾಯಿತು. ವಾರದೊಳಗೆ ಪಂಚಾಯಿತಿ ಹಾಲ್‌ನಲ್ಲಿ ಸಭೆ ಕರೆದರು. ಮಕ್ಕಳು ಏನು ಓದಬೇಕು, ಏನು ಓದಬಾರದು ಎಂದು ಮಾತಾಡಲು ಅಷ್ಟೊಂದು ಜನ ಬಂದಿದ್ದು ನೋಡಿ ಆಶ್ಚರ್ಯವಾಯಿತು. ಅವರಲ್ಲಿ ಅರ್ಧಕ್ಕರ್ಧ ಜನರನ್ನು ಗ್ರಂಥಾಲಯದ ಒಳಗೆ ನಾನು ಕಂಡೇ ಇರಲಿಲ್ಲ.

ನಾನು ಬಾಡಿಗೆಗಿದ್ದ ಮನೆಯ ಮಾಲೀಕರೇ, ಆ ಕೊಬ್ಬರಿ ವ್ಯಾಪಾರಿಯೇ, ಮೊದಲು ಎದ್ದರು. ಕೆಟ್ಟ ಮನುಷ್ಯರಲ್ಲ, ಅವರಿಗೂ ಇಬ್ಬರು ಹೆಣ್ಣುಮಕ್ಕಳು. ಲೈಬ್ರರಿಗೆ ಮಕ್ಕಳು ಹೋಗುವುದು ಪಾಠಕ್ಕೆ ನೆರವಾಗಲಿ ಎಂದು, ಇಂಥದ್ದೆಲ್ಲ ಕಲಿಯಲಿ ಎಂದಲ್ಲ ಎಂದರು. ಆಶಾ ಕಾರ್ಯಕರ್ತೆ ಹಿಂದಿನ ಸಾಲಿನಿಂದ, ಆ ಪುಸ್ತಕದಲ್ಲಿ ಇರುವುದನ್ನೇ ತಾನು ಮನೆಮನೆಗೆ ಹೋಗಿ ಹೇಳುವುದು, ಅದರಲ್ಲಿ ಕೆಟ್ಟದ್ದೇನಿದೆ ಎಂದು ಕೇಳಿದಳು. ನೀವು ಹೆಂಗಸರಿಗೆ ಹೇಳುತ್ತೀರಿ, ಇದು ಮಕ್ಕಳ ಕೈಗೆ ಹೋಗಿದೆ ಎಂದು ಯಾರೋ ಬಾಯಿ ಮುಚ್ಚಿಸಿದರು. ನಿವೃತ್ತ ಮೇಷ್ಟ್ರೊಬ್ಬರು, ತಿಳಿಯದೆ ಹೆದರುವುದಕ್ಕಿಂತ ತಿಳಿಯುವುದು ಮೇಲು, ಆದರೆ ಕೊಡುವವರಿಗೆ ವಿವೇಚನೆ ಇರಬೇಕು ಎಂದು ಎರಡೂ ಕಡೆ ತೂಗಿದರು. ಆಗ ಮನೆ ಮಾಲೀಕರು ನನ್ನ ಕಡೆ ತಿರುಗದೆಯೇ ಹೇಳಿದರು.

"ಮಕ್ಳಿಲ್ದೋರಿಗೆ ಮಕ್ಳ ವಿಷ್ಯ ಏನ್ ಗೊತ್ತಾಯ್ತದೆ ಬಿಡಿ."

ಯಾರೂ ನಗಲಿಲ್ಲ. ನಕ್ಕಿದ್ದರೆ ತಡೆದುಕೊಳ್ಳಬಹುದಿತ್ತು. ಹೌದಲ್ಲ ಎಂಬಂತೆ ಎಲ್ಲರೂ ತಲೆ ತಗ್ಗಿಸಿದರು.

ಕೊನೆಗೆ ಹುಡುಗಿಯ ಅಪ್ಪ ಎದ್ದು ನಿಂತರು. ಪುಸ್ತಕ ಕೈಯಲ್ಲಿತ್ತು, ನಾನು ಸುತ್ತಿದ ಪೇಪರ್ ಇನ್ನೂ ಅದರ ಜೊತೆಗೇ ಇತ್ತು. ಮಗಳು ಬಾಗಿಲ ಬಳಿ ಅಜ್ಜಿಯ ಪಕ್ಕದಲ್ಲಿ ನಿಂತಿದ್ದಳು.

"ಯಾರೂ ಕೊಡ್ಲಿಲ್ಲ, ನಾನೇ ಬೀರಿಂದ ತಗಂಡೆ ಅಂತಾಳೆ. ಹೌದೇನ್ರೀ ಮೇಡಂ?"

"ಹೌದು" ಎಂದೆ.

ಅಷ್ಟೇ ನಾನು ಆ ಸಭೆಯಲ್ಲಿ ಆಡಿದ ಮಾತು. ಬಾಗಿಲ ಕಡೆ ನೋಡುವ ಧೈರ್ಯವಾಗಲಿಲ್ಲ. ಮಗು ನನ್ನನ್ನು ಉಳಿಸಲು ಸುಳ್ಳು ಹೇಳಿತ್ತು, ನಾನು ಆ ಸುಳ್ಳಿನ ನೆರಳಿನಲ್ಲಿ ನಿಂತುಕೊಂಡೆ.

ತೀರ್ಮಾನವಾಯಿತು. ದೊಡ್ಡವರ ಬೀರುವಿಗೆ ಬೀಗ, ಬೀಗದಕೈ ಪಂಚಾಯಿತಿ ಕಚೇರಿಯಲ್ಲಿ. ಮಕ್ಕಳು ಮಕ್ಕಳ ಪುಸ್ತಕವನ್ನೂ ಮನೆಗೆ ಒಯ್ಯಬೇಕಾದರೆ ಹಿರಿಯರ ಸಹಿ ಬೇಕು. ಸಹಿ ಕೇಳಲು ಹೋದರೆ ಮನೆಯಲ್ಲಿ ನೂರು ಪ್ರಶ್ನೆ. ಮೊದಲು ಹೆಣ್ಣುಮಕ್ಕಳು ಬರುವುದನ್ನು ನಿಲ್ಲಿಸಿದರು, ಆಮೇಲೆ ಉಳಿದವರು. ನಾಲ್ಕೂವರೆಗೆ ಶಾಲೆಯ ಗಂಟೆ ಕೇಳಿಸುತ್ತಿತ್ತು, ಮಕ್ಕಳ ಗಲಾಟೆ ಕಿಟಕಿಯ ಹೊರಗೆ ಹಾದು ಹೋಗುತ್ತಿತ್ತು, ಒಳಗೆ ಫ್ಯಾನ್ ತಿರುಗುತ್ತಿತ್ತು. ಸಂಜೆಯ ಸಾರೂ ನಿಂತಿತು. ಮನೆಯೊಡತಿ ಎದುರಾದರೆ, ಊಟ ಆಯ್ತಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋಗುತ್ತಿದ್ದರು. ಆಶಾ ಕಾರ್ಯಕರ್ತೆ ಮಾತ್ರ ಒಮ್ಮೆ ಬಂದು, ಸಭೆಯಲ್ಲಿ ತಾನೊಬ್ಬಳೇ ಮಾತಾಡಬೇಕಾಯಿತಲ್ಲ ಎಂದು ಬೇಸರದಿಂದ ಹೇಳಿ ಹೋದಳು. 

ಎರಡು ತಿಂಗಳು ಹೀಗೇ ತಳ್ಳಿದೆ. ಆಮೇಲೆ ಒಂದು ಭಾನುವಾರ ಬೆಳಿಗ್ಗೆ ಹುಡುಗಿಯ ಅಪ್ಪನನ್ನು ಹುಡುಕಿಕೊಂಡು ತೋಟಕ್ಕೆ ಹೋದೆ. ಅವರು ಬಿದ್ದ ಗರಿಗಳನ್ನು ಒಟ್ಟುತ್ತಿದ್ದರು. ಪುಸ್ತಕ ಕೊಟ್ಟದ್ದು ನಾನೇ, ಸುತ್ತಿದ್ದೂ ನಾನೇ, ಅವಳದೇನೂ ತಪ್ಪಿಲ್ಲ ಎಂದು ಒಂದೇ ಉಸಿರಿಗೆ ಹೇಳಿದೆ. ಅವರು ಕೈಯಲ್ಲಿದ್ದ ಗರಿಯನ್ನು ರಾಶಿಯ ಮೇಲೆ ಹಾಕಿ ನನ್ನ ಕಡೆ ತಿರುಗಿದರು.

"ಅವ್ಳು ಯಾಕೆ ಸುಳ್ಳು ಹೇಳಿದ್ಲು ಅಂತ ಈಗ ಅರ್ಥಾಯ್ತು. ನೀವ್ಯಾಕೆ ಹೇಳಿದ್ರಿ?"

ಕೆಲಸ ಹೋಗುತ್ತದೆ ಎಂದೋ, ಇರುವ ಒಂದು ಕೋಣೆಯೂ ತಪ್ಪುತ್ತದೆ ಎಂದೋ ಹೇಳಬಹುದಿತ್ತು. ಹೇಳಲಿಲ್ಲ. ಮಗಳನ್ನು ಬೇಲೂರಿನ ಹಾಸ್ಟೆಲ್ಲಿಗೆ ಸೇರಿಸಿಯಾಗಿದೆ ಎಂದು ಅವರು ತಿಳಿಸಿದರು. ಕಳ್ಳತನದಲ್ಲಿ ಪುಸ್ತಕ ತರುವವಳನ್ನು ಕಾಯುವುದು ಅಜ್ಜಿಯಿಂದ ಆಗುವುದಿಲ್ಲ ಎಂದು ಕಳಿಸಿದ್ದಂತೆ. 

ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಪಂಚಾಯಿತಿಯವರು ನೋಟಿಸ್ ಕೊಟ್ಟರು, ಲಿಖಿತವಾಗಿ ತಪ್ಪೊಪ್ಪಿಗೆ ಕೇಳಿದರು. ರಿಜಿಸ್ಟರಿನಲ್ಲಿ ಬರೆಯದೆ ಪುಸ್ತಕ ಕೊಟ್ಟದ್ದು ತಪ್ಪು, ಸಭೆಗೆ ಸುಳ್ಳು ಹೇಳಿದ್ದು ತಪ್ಪು ಎಂದು ಬರೆದುಕೊಟ್ಟೆ. ಆ ಮಗುವಿಗೆ ಆ ಪುಸ್ತಕ ಕೊಟ್ಟದ್ದು ತಪ್ಪು ಎಂದು ಬರೆಯಲು ಒಪ್ಪಲಿಲ್ಲ. ಆಮೇಲಿನ ಸಭೆಯಲ್ಲಿ ಆ ನಿವೃತ್ತ ಮೇಷ್ಟ್ರು ಅದನ್ನು ಓದಿ, ಇಷ್ಟು ಸಾಕು, ಬೀಗದಕೈ ಅವರಿಗೇ ಕೊಡಿ ಎಂದರು. ಹುಡುಗಿಯ ಅಪ್ಪ ಮೂಲೆಯಲ್ಲಿ ಕೂತಿದ್ದರು. ಆಗಲಿ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಬೀಗದಕೈ ನನ್ನ ಕೈಗೆ ಬಂತು. ಸಹಿಯ ನಿಯಮ ಮಾತ್ರ ಹಾಗೇ ಉಳಿಯಿತು, ಇವತ್ತಿಗೂ ಇದೆ.

ಆ ವರ್ಷ ದೀಪಾವಳಿ ಕಳೆದ ಮೇಲೆ ಬಿಕ್ಕೋಡಿಗೆ ಹೋಗಿ ಬರುವಾಗ ಬೇಲೂರಿನಲ್ಲಿ ಇಳಿದು ಹಾಸ್ಟೆಲ್ಲಿಗೆ ಹೋದೆ. ವಾರ್ಡನ್ ಐದು ನಿಮಿಷ ಮಾತ್ರ ಎಂದು ಅವಳನ್ನು ವರಾಂಡಕ್ಕೆ ಕಳಿಸಿದರು. ಉದ್ದವಾಗಿದ್ದಳು, ಎರಡು ಜಡೆ ಮಡಿಚಿ ಕಟ್ಟಿದ್ದಳು. ಅವತ್ತು ನಾನು ನಿಜ ಹೇಳಬೇಕಿತ್ತು ಎಂದೆ.

"ಗೊತ್ತು ಮಿಸ್. ನೀವು ಹೇಳ್ತೀರ ಅಂತ್ಲೇ ಕಾಯ್ತಿದ್ದೆ."

ಸಿಟ್ಟಿನಿಂದ ಹೇಳಲಿಲ್ಲ. ಗ್ರಾಮಸಭೆಯಲ್ಲಿ ಹೇಳಿದ್ದು ಅಪ್ಪನಿಂದ ತಿಳಿಯಿತು ಎಂದಳು. ಊಟ ಸುಮಾರು, ಗೆಳತಿಯರು ಇದ್ದಾರೆ, ಶಾಲೆಯಲ್ಲಿ ಒಂದು ದೊಡ್ಡ ಲೈಬ್ರರಿ ಇದೆ ಎಂದಳು. ಅಲ್ಲಿ ಪುಸ್ತಕ ಬೇಕಾದರೆ ಏನು ಮಾಡುತ್ತೀಯ ಎಂದು ಕೇಳಿದೆ. ಹೆಸರು ಬರೆದು ತಗೊಂಡು ಹೋಗುವುದು ಅಷ್ಟೇ ಎಂದಳು. ಗಂಟೆ ಹೊಡೆಯಿತು. ಊರಿಗೆ ಬಂದಾಗ ಬಾ ಎಂದೆ. ತಲೆಯಾಡಿಸಿ ಒಳಗೆ ಓಡಿದಳು. ಆಮೇಲೆ ಊರಿಗೆ ಎರಡು ಸಲ ಬಂದು ಹೋದಳೆಂದು ಕೇಳಿದೆ. ಗ್ರಂಥಾಲಯದ ಕಡೆ ಬರಲಿಲ್ಲ.

ಹಾಸ್ಟೆಲ್ಲಿಗೆ ಹೋದ ಆ ದಿನ ವಾಪಸ್ ಬರುವಾಗ, ಹಳೇಬೀಡಿನ ಮೇಲೆ ಹೋಗುವ ಅರಸೀಕೆರೆ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಪಕ್ಕದಲ್ಲಿ ಕೂತ ಹೆಂಗಸು ನನಗೆ ಎಷ್ಟು ಮಕ್ಕಳು ಎಂದು ವಿಚಾರಿಸಿದರು. ಇಲ್ಲ ಎಂದೆ. ಅವರು ತಮ್ಮ ಮಕ್ಕಳ ಬಗ್ಗೆ ಹೇಳುತ್ತಾ ಹೋದರು, ಜಾವಗಲ್ಲಿನವರೆಗೂ ನಾನು ಹೂಂಗುಟ್ಟುತ್ತಾ ಕೇಳಿಸಿಕೊಂಡೆ.