ಮುಂದಕ್ಕೆ ಹಾಕಿದ ಮದುವೆ

ಮನುಷ್ಯನ ಹಣೆಬರಹ ಬರೆಯುವವನು ಬ್ರಹ್ಮ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ನನ್ನದನ್ನು ಬರೆದವರು ಜಯನಗರದಲ್ಲಿ ನಮ್ಮ ಮಹಡಿ ಮೇಲೆ ಬಾಡಿಗೆಗಿದ್ದ ನಿವೃತ್ತ ಇಂಗ್ಲಿಷ್ ಮೇಷ್ಟ್ರು. ಅದೂ ಸೋರುವ ಕೆಂಪು ಪೆನ್ನಿನಲ್ಲಿ. ಅವರ ಬಿಳಿ ಅಂಗಿಗಳ ಜೇಬಿನಡಿ ಸದಾ ಒಂದು ಕೆಂಪು ಕಲೆ. ಎದೆಗೆ ಏಟು ಬಿದ್ದಿದೆಯೆಂದು ಹೊಸಬರು ಗಾಬರಿಯಾಗುತ್ತಿದ್ದರು.

ಮದುವೆ ಕಾಗದವಿರಲಿ, ಗೇಟಿಗೆ ಅಂಟಿಸಿದ ನೀರಿನ ನೋಟೀಸಿರಲಿ, ತಿದ್ದದೆ ಬಿಟ್ಟವರಲ್ಲ. ಒಮ್ಮೆ ಮೆಟ್ಟಿಲ ಮೇಲೆ ನಾನು ಫೋನಿನಲ್ಲಿ, ಮೀಟಿಂಗನ್ನು ಇನ್ನೂ ಬೇಗ ಇಡಿ ಎನ್ನಲು, ‘ಪ್ರೀಪೋನ್’ ಎಂದದ್ದು ಅವರ ಕಿವಿಗೆ ಬಿತ್ತು.

“ಅದು ಇಂಗ್ಲಿಷಲ್ಲ ಕಣಯ್ಯ. ‘ಬ್ರಿಂಗ್ ಫಾರ್ವರ್ಡ್’ ಅನ್ನು.”

ಅಂದಿನಿಂದ ‘ಪೋನ್’ ಎಂದು ಮುಗಿಯುವ ಪದಗಳೆಲ್ಲ ನನಗೆ ವರ್ಜ್ಯವಾದವು. ವರ್ಷಗಳಾದ ಮೇಲೆ ನುಡಿಗಟ್ಟು ನೆನಪಿತ್ತು, ಅದರ ದಿಕ್ಕು ಮರೆತಿತ್ತು. ಫಾರ್ವರ್ಡ್ ಎಂದರೆ ಮುಂದೆ. ಮುಂದಕ್ಕೆ ಹಾಕುವುದೆಂದರೆ ತಡಮಾಡುವುದು. ಅನುಮಾನವೆಲ್ಲಿ ಬಂತು?

ನನ್ನ ಮದುವೆ ಮಾಘಕ್ಕೆಂದು ಮಾತಾಯಿತು. ಹುಡುಗಿಯೊಡನೆ ಮಾತಾಡಿದ್ದು ಒಂದೇ ಸಲ, ಅದೂ ಉಪ್ಪಿಟ್ಟಿನ ವಿಷಯ. ಹೆದರಿಕೆಯಾಯಿತು. ವೈಶಾಖಕ್ಕಾದರೂ ತಳ್ಳೋಣವೆಂದು, ದೆಹಲಿಯಲ್ಲಿ ಬೆಳೆದು ಕನ್ನಡ ಓದಲು ಬಾರದ ಭಾವೀ ಮಾವನವರಿಗೆ ಇಂಗ್ಲಿಷಿನಲ್ಲಿ ಮೆಸೇಜು ಕಳಿಸಿದೆ: ದಯವಿಟ್ಟು ಡೇಟನ್ನು ಬ್ರಿಂಗ್ ಫಾರ್ವರ್ಡ್ ಮಾಡಿ.

ಸಂಜೆಯೊಳಗೆ ಫೋನು.

“ಏನ್ ಅಳಿಯಂದ್ರೇ, ಇಷ್ಟೊಂದು ಅವಸರಾನಾ! ಬನಶಂಕರೀಲಿ ಛತ್ರ ಸಿಕ್ತು, ಕಾರ್ತೀಕಕ್ಕೇ ಬುಕ್ ಮಾಡ್ಬಿಟ್ಟೆ. ವಿಷಯ ಕೇಳಿ ನಮ್ಮ ಹುಡುಗಿ ನಾಚ್ಕೊಂಡು ಒಳಗೋದ್ಲು!”

ಹಿಂದಿನಿಂದ ಹೆಂಗಸರ ನಗು. ನಾನೂ ನಕ್ಕೆ, ಬೇರೆ ದಾರಿಯಿರಲಿಲ್ಲ. ಫೋನಿಟ್ಟು ಮಹಡಿಗೆ ಓಡಿದೆ.

“ಸಾರ್, ಈ ಮೆಸೇಜನ್ನ ಹೇಗಾದ್ರೂ ತಿದ್ದಿಕೊಡಿ.”

ಮೇಷ್ಟ್ರು ಎರಡು ಸಲ ಓದಿದರು. ಪೆನ್ನು ತೆರೆದು ಹಾಗೇ ಮುಚ್ಚಿದರು.

“ತಿದ್ದೋಕೇನಿದೆ? ಒಂದು ತಪ್ಪೂ ಇಲ್ಲ.”

“ನಾನು ಹೇಳ್ಬೇಕಾಗಿದ್ದು ಉಲ್ಟಾ ಸಾರ್!”

“ಹಾಗಂತ ಆ ಹುಡುಗಿಗೆ ಹೇಳೋ ಧೈರ್ಯ ಇದ್ಯಾ?”

ನಾನು ಫೋನನ್ನು ಇಸಿದುಕೊಂಡು ಜೇಬಿಗೆ ಹಾಕಿದೆ.

“ಹಾಗಿದ್ರೆ ಕೂತ್ಕೊ. ಕಾಫಿ ಕುಡಿ.”

ಅಂದು ಕತ್ತಲಾಗುವವರೆಗೂ ಅವರು ಬೇರೇನೂ ಮಾತಾಡದೆ ನನ್ನ ಪಕ್ಕದಲ್ಲೇ ಕೂತಿದ್ದರು. ಅಷ್ಟು ಹೊತ್ತು ಯಾರನ್ನೂ ತಿದ್ದದೆ ಅವರು ಕೂತದ್ದನ್ನು ನಾನು ಮತ್ತೆ ಕಾಣಲಿಲ್ಲ.

ಮದುವೆಯ ದಿನ ಮಂಟಪಕ್ಕೆ ಬಂದು ಅಕ್ಷತೆ ಹಾಕಿ, ಕಿವಿಯ ಬಳಿ ಬಗ್ಗಿದರು.

“‘ಪೋಸ್ಟ್‌ಪೋನ್’ ಅಪ್ಪಟ ಇಂಗ್ಲಿಷೇ ಕಣಯ್ಯ. ಬಳಸಬಹುದಿತ್ತು.”

“ಏನಂದ್ರು ಮೇಷ್ಟ್ರು?” ಎಂದಳು ಪಕ್ಕದಲ್ಲಿದ್ದವಳು.

“ಆಶೀರ್ವಾದ ಮಾಡಿದ್ರು,” ಎಂದೆ.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ನಿಜ ಬಲ್ಲವನು ಈಗ ನಾನೊಬ್ಬನೇ. ನನಗೆ ಅವಸರವಿತ್ತೆಂದೇ ನನ್ನ ಹೆಂಡತಿ ಇಂದಿಗೂ ತಿಳಿದಿದ್ದಾಳೆ.