ಗಿರಿಜಾಂಬಾ ಅವರ ಕತ್ತಲೆ ಪಾಠ

ಚಾಮರಾಜಪುರಂನ ಮಹಿಳಾ ಸಮಾಜದಲ್ಲಿ ಹೆಂಗಸರಿಗೆ ಓದು ಕಲಿಸುತ್ತಿದ್ದ ಗಿರಿಜಾಂಬಾ ಅವರಿಗೆ ೧೯೫೮ರಲ್ಲಿ ಒಂದು ಹುಚ್ಚು ಹಿಡಿಯಿತು. ಫಿಲಂ ಸ್ಟ್ರಿಪ್ ಮಿಷನ್ನಿನ ಹುಚ್ಚು. ಗೋಡೆಯ ಮೇಲೆ ಒಂದೊಂದೇ ಚಿತ್ರ ಬೀಳಿಸುವ ಆ ಕಪ್ಪು ಪೆಟ್ಟಿಗೆಯನ್ನು ಶಿಕ್ಷಣ ಇಲಾಖೆಯವರು ಮೂರು ತಿಂಗಳ ಮಟ್ಟಿಗೆ ಕೊಟ್ಟಿದ್ದರು. ನಿಜಕ್ಕೂ ಪರೀಕ್ಷೆ ಇದ್ದದ್ದು ಮಿಷನ್ನಿಗೆ. ಅಗ್ರಹಾರದ ಇನ್ನೊಂದು ತರಗತಿಗೆ ಬರೀ ಕರಿಹಲಗೆ, ಇಲ್ಲಿಗೆ ಮಿಷನ್. ಕೊನೆಗೆ ಎಲ್ಲಿಯವರು ಚೆನ್ನಾಗಿ ಓದುತ್ತಾರೋ ನೋಡುವುದು. ಇಲ್ಲಿಯವರು ಗೆದ್ದರೆ ಮಿಷನ್ ಇಲ್ಲೇ ಉಳಿಯುತ್ತದೆ. ವರ್ಷಗಟ್ಟಲೆ ಸೀಮೆಸುಣ್ಣದ ಪುಡಿ ನುಂಗಿದ ಗಿರಿಜಾಂಬಾ ಅದನ್ನು ಸುಲಭವಾಗಿ ಬಿಟ್ಟುಕೊಡುವ ಪೈಕಿಯವರಲ್ಲ. ದಿನವೂ ಸೆರಗಿನಿಂದ ಅದರ ಗಾಜು ಒರೆಸುತ್ತಿದ್ದರು. ಗಂಡನ ಕನ್ನಡಕಕ್ಕೆ ಆ ಭಾಗ್ಯ ಇರಲಿಲ್ಲ.

ಮಧ್ಯಾಹ್ನ ಊಟದ ಪಾತ್ರೆ ತೊಳೆದಾದ ಮೇಲೆ ತರಗತಿ. ಕಿಟಕಿಗಳಿಗೆ ಕಂಬಳಿ ಇಳಿಬಿಟ್ಟು, ಗೋಡೆಯ ಮೇಲೆ ಬಸವನನ್ನೋ ತೆಂಗಿನಮರವನ್ನೋ ಮೂಡಿಸಿ, ಕೆಳಗಿನ ಅಕ್ಷರ ಓದಿ ಹೇಳುವರು. ಮಿಷನ್ ಬಂದ ಮೇಲೆ ಒಬ್ಬರೂ ತಪ್ಪಿಸಲಿಲ್ಲ. ಜ್ವರ ಬಂದವರೂ ಬಂದರು. ಗಿರಿಜಾಂಬಾ ಹಿಗ್ಗಿ ಹೀರೇಕಾಯಿಯಾದರು.

ಒಂದು ದಿನ ಸ್ಟ್ರಿಪ್ ಸಿಕ್ಕಿಹಾಕಿಕೊಂಡಿತು. ಬಿಡಿಸೋಣವೆಂದು ಕಂಬಳಿ ಸರಿಸಿ ತಿರುಗಿ ನೋಡುತ್ತಾರೆ, ತರಗತಿಗೆ ತರಗತಿಯೇ ನಿದ್ದೆ! ಗೋಡೆಗೆ ಒರಗಿದವರು, ಪಕ್ಕದವಳ ಹೆಗಲಿಗೆ ತಲೆ ಕೊಟ್ಟವರು. ಮುಂದಿನ ಸಾಲಿನ ಶಿವನಂಜಮ್ಮನಂತೂ ಎಳೆಮಗುವಿನ ಹಾಗೆ ಬಾಯಿ ತೆರೆದುಕೊಂಡು ಮಲಗಿದ್ದಳು. ಬೆಳಕು ಬಿದ್ದದ್ದೇ ಹೌಹಾರಿ ಎದ್ದು ಕೂತಳು.

“ಬೈಬೇಡಿ ಅಮ್ಮಾವ್ರೆ, ತಪ್ಪಾಯ್ತು. ಮನೇಲಿ ಸೊಸೆ ಹಗಲೊತ್ತು ಒರಗಿದ್ರೆ ದರಿದ್ರ ಅಂತಾರೆ. ಇಲ್ಲಿ ಕತ್ತಲಾದೇಟ್ಗೆ ಕಣ್ಣು ತಾನಾಗೇ ಮುಚ್ಕೊಂಡ್ಬುಡುತ್ತೆ. ನಮ್ಮತ್ತೆಗೆ ಮಾತ್ರ ಹೇಳ್ಬೇಡಿ.”

ಗಿರಿಜಾಂಬಾಗೆ ಸಿಟ್ಟು ಬರಬೇಕಿತ್ತು, ಬಂದದ್ದು ಅಳು. ದೇವರಾಜ ಮೊಹಲ್ಲಾದ ತುಂಬಿದ ಮನೆಗೆ ಸೊಸೆಯಾಗಿ ಹೋದ ಹೊಸದರಲ್ಲಿ ತಾವೂ ಒರಳಿನ ಮುಂದೆ ಕೂತಲ್ಲೇ ತೂಕಡಿಸಿದವರು. ಕಂಬಳಿ ಮತ್ತೆ ಇಳಿಬಿಟ್ಟರು.

ಮೂರು ತಿಂಗಳು ಮುಗಿದು ಇಲಾಖೆಯ ಗೋವಿಂದರಾಜು ಪರೀಕ್ಷೆಗೆ ಬಂದರು. ಒಂದೊಂದೇ ಚಿತ್ರ ಬೀಳಿಸಿ ಕೆಳಗಿನ ಪದ ಓದಿಸಿದರು. “ಬಸವ”, “ಮರ”, “ಕೊಡ” ಎಂದು ಹೆಂಗಸರು ಪಟಪಟನೆ ಹೇಳಿದರು. ಹಾಜರಿ ಪುಸ್ತಕ ನೋಡಿ ಗೋವಿಂದರಾಜು ಅವರ ಮುಖ ಇನ್ನಷ್ಟು ಅರಳಿತು.

“ಅಗ್ರಹಾರದವರನ್ನ ಗೆದ್ದುಬಿಟ್ರಿ ಅಮ್ಮ. ಇವರಿಗೆ ಓದು ಬಂತು ಅಂತ ತರಗತಿ ಮುಗಿಸೋಣ. ಮಿಷನ್ ಇನ್ನು ನಿಮ್ಮದೇ.”

ಸುಮ್ಮನಿದ್ದರೆ ಸಾಕಿತ್ತು. ಗಿರಿಜಾಂಬಾ ಒಮ್ಮೆ ಮಿಷನ್ನನ್ನು ಕಣ್ತುಂಬ ನೋಡಿದರು. ಆಮೇಲೆ ಎದ್ದು ಹೋಗಿ, ಮಿಷನ್ನಿನ ಬೆಳಕಿಗೆ ಕೈ ಅಡ್ಡ ಹಿಡಿದು ಚಿತ್ರವನ್ನು ಮರೆಮಾಡಿದರು. ಗೋಡೆಯ ಮೇಲೆ ಅಕ್ಷರಗಳಷ್ಟೇ ಉಳಿದವು.

“ಈಗ ಓದಿಸಿ ಸ್ವಾಮಿ.”

ಯಾರೂ ತುಟಿ ಬಿಚ್ಚಲಿಲ್ಲ. ಶಿವನಂಜಮ್ಮ ತಲೆ ತಗ್ಗಿಸಿದಳು.

ಗೋವಿಂದರಾಜು ಮೆತ್ತಗೆ ಕೇಳಿದರು, “ಮಿಷನ್ ಕೈಬಿಟ್ಟು ಹೋಗುತ್ತಲ್ಲಮ್ಮ?”

“ಹೋಗ್ಲಿ ಬಿಡಿ. ಓದು ಬಂತು ಅಂತ ಇವರನ್ನ ಮನೆಗೆ ಕಳಿಸಿಬಿಟ್ರೆ ಆಮೇಲೆ ಇವರಿಗೆ ಯಾರು ಕಲಿಸ್ತಾರೆ? ತರಗತಿ ಉಳಿಸಿಕೊಡಿ, ಅಷ್ಟು ಸಾಕು.”

ಯಾಕೆ ಕಲಿಯಲಿಲ್ಲ ಎಂಬುದರ ಬಗ್ಗೆ ಮಾತ್ರ ಅವರು ಬಾಯಿ ಬಿಡಲಿಲ್ಲ. ಗೋವಿಂದರಾಜು ಸಜ್ಜನರು, ಕೆದಕಲಿಲ್ಲ. ತರಗತಿ ಉಳಿಯಿತು, ಮಿಷನ್ ಜಟಕಾ ಹತ್ತಿತು. ಗಿರಿಜಾಂಬಾ ಬೀದಿಯ ತಿರುವಿನವರೆಗೂ ಅದನ್ನೇ ನೋಡುತ್ತಾ ನಿಂತಿದ್ದರು.

ಮರುದಿನ ಬಂದ ಹೆಂಗಸರು ಖಾಲಿ ಮೇಜು ನೋಡಿ ಪೆಚ್ಚಾದರು.

“ಅಂಗಾದ್ರೆ ಕತ್ತಲೂ ಹೋಯ್ತಾ ಅಮ್ಮಾವ್ರೆ?” ಎಂದಳು ಶಿವನಂಜಮ್ಮ.

ಗಿರಿಜಾಂಬಾ ಕಿಟಕಿಗಳಿಗೆ ಕಂಬಳಿ ಇಳಿಬಿಟ್ಟರು. “ಕತ್ತಲೇನು ಇಲಾಖೆಯವರು ಕೊಟ್ಟಿದ್ದೇನಮ್ಮ? ಅರ್ಧ ಗಂಟೆ ಮಲಗಿ. ಆಮೇಲೆ ಕಿಟಕಿ ತೆಗೀತೀನಿ. ಆಗ ಯಾರಾದ್ರೂ ತೂಕಡಿಸಿದ್ರೋ, ನನ್ನಷ್ಟು ಕೆಟ್ಟವಳು ಇನ್ನೊಬ್ಬಳಿಲ್ಲ ಕಣ್ರೇ!”

ತಾವು ಬಾಗಿಲಲ್ಲಿ ಕಾವಲು ಕೂತರು. ಅಂದಿನಿಂದ ಅದೇ ವಾಡಿಕೆಯಾಯಿತು: ಮೊದಲು ನಿದ್ದೆ, ಆಮೇಲೆ ಕರಿಹಲಗೆ. ನಿದ್ದೆಯಿಂದ ತಿಳಿಯಾದ ಕಣ್ಣಿಗೆ ಅಕ್ಷರ ಅಂಟಿಕೊಳ್ಳತೊಡಗಿತು. ದೀಪಾವಳಿಯ ಹೊತ್ತಿಗೆ ಶಿವನಂಜಮ್ಮ ಅಂಗಡಿ ಬೋರ್ಡುಗಳನ್ನೆಲ್ಲ ಓದುತ್ತಾ ನಡೆಯುತ್ತಿದ್ದಳು.

ಒಂದು ಮಧ್ಯಾಹ್ನ ಎಲ್ಲರೂ ಮಲಗಿರುವಾಗ ಶಿವನಂಜಮ್ಮನ ಅತ್ತೆ ಬೀರಮ್ಮ ಮೆಟ್ಟಿಲು ಹತ್ತಿ ಬಂದರು.

“ಬಾಗ್ಲು ಕಿಟ್ಕಿ ಮುಚ್ಕೊಂಡು ಎಂಥಾ ಪಾಠ ಕಣವ್ವ ಇದು?”

ಗಿರಿಜಾಂಬಾ ದಡಬಡಿಸಿ ಎದ್ದರು. ಅಡ್ಡ ನಿಲ್ಲುವಷ್ಟರಲ್ಲಿ ಬೀರಮ್ಮ ಒಳಗೆ ಇಣುಕಿಬಿಟ್ಟಿದ್ದರು. ಸೊಸೆ ನೆಲದ ಮೇಲೆ ಕೈಯನ್ನೇ ದಿಂಬು ಮಾಡಿಕೊಂಡು ಮಲಗಿದ್ದಳು. ಬೀರಮ್ಮ ಬಹಳ ಹೊತ್ತು ನೋಡಿದರು. ಇನ್ನೇನು ಕೂಗುತ್ತಾರೆ, ನಾಳೆಯಿಂದ ಒಬ್ಬರೂ ಬರುವುದಿಲ್ಲ ಎಂದುಕೊಂಡರು ಗಿರಿಜಾಂಬಾ.

“ನಂಗೂ ಒಸಿ ಜಾಗ ಇದ್ದದಾ?” ಎಂದರು ಬೀರಮ್ಮ, ಪಿಸುಮಾತಿನಲ್ಲಿ.

ಸದ್ದಾಗದಂತೆ ಒಳಗೆ ಹೋಗಿ, ಸೊಸೆಯ ಪಕ್ಕದಲ್ಲಿ ಸೆರಗು ಹಾಸಿಕೊಂಡು ಮಲಗಿದರು. ಗಿರಿಜಾಂಬಾ ಬಾಗಿಲು ಮುಂದೆ ಮಾಡಿ ಮತ್ತೆ ಕಾವಲು ಕೂತರು. ಅವತ್ತು ಕಿಟಕಿ ತೆಗೆಯುವ ಹೊತ್ತಾದರೂ ಅವರು ಕೂತಲ್ಲಿಂದ ಏಳಲಿಲ್ಲ.