ನಲವತ್ತು ಕೆ.ಜಿ.ಗೆ ಎಷ್ಟು ಬಾಟಲಿ?

ಮೆಕ್ಕೆಜೋಳದ ಚೀಲ ತೂಗುವ ಕಾಟಾದ ಮೇಲೆ ನೀವು ಯಾವತ್ತಾದರೂ ನಿಂತಿದ್ದೀರಾ? ನಾನು ನಿಂತೆ. ಚೀಲದ ಮುಂದೆ ಸೋತೆ. ಅದು ಅರವತ್ತು ಕೆ.ಜಿ., ನಾನು ಮೂವತ್ತೇಳು.

ಹರಪನಹಳ್ಳಿ ಮಂಡಿಯಲ್ಲಿ ಕಾಳು ಹಸನು ಮಾಡುತ್ತಲೇ ಮುದುಕಿಯಾದವಳು ನಾನು. ಅಕ್ಷರ ಎದುರಿಗೆ ಬಂದರೆ ತಡವರಿಸುತ್ತೇನೆ. ಕಾಟಾದ ಅಂಕಿ ಮಾತ್ರ ದೂರದಿಂದಲೇ ಓದುತ್ತೇನೆ. ಆದರೂ ಹಮಾಲಿ ಕೊಟ್ರಪ್ಪ ಎಲ್ಲರಿಗೂ ಕೇಳುವ ಹಾಗೆ ಕೂಗಿದ.

“ದೊಡ್ಡವ್ವ, ಈ ಚೀಲದಾಗ ಕಾಳ ಇಲ್ಲ, ವಾಪಸ್ ಒಯ್ರಿ!”

ಇಡೀ ಮಂಡಿ ನಕ್ಕಿತು. ನಾನೂ ನಕ್ಕೆ. ನಕ್ಕರೆ ಕಿಬ್ಬೊಟ್ಟೆಯ ಗಂಟು ನೋಯುತ್ತದೆ. ಆದರೂ ನಕ್ಕೆ.

ಆ ಗಂಟೇ ಈ ಕುಣಿತಕ್ಕೆಲ್ಲ ಕಾರಣ. ಹರ್ನಿಯಾ ಅಂತೆ. ಆಪರೇಷನ್ ಮಾಡಿಸದಿದ್ದರೆ ಒಂದು ದಿನ ಕರುಳು ಸಿಕ್ಕಿಹಾಕಿಕೊಂಡು ಜೀವಕ್ಕೇ ಕುತ್ತು ಬರುತ್ತದೆ ಎಂದರು ಡಾಕ್ಟ್ರಮ್ಮ. ಹಾಗಾದರೆ ಇವತ್ತೇ ಮಾಡ್ರಿ ಎಂದೆ.

“ಈ ಮೈಯಾಗ ಕತ್ತರಿ ಹಾಕಾಕ ಜಾಗ ಎಲ್ಲೈತಿ ಅಜ್ಜಿ? ಪ್ರೋಟೀನ್ ಇರೋದು ತಿನ್ರಿ, ನಲವತ್ತು ಕೆ.ಜಿ. ಆಗಿ ಬರ್ರಿ.”

ಪ್ರೋಟೀನ್ ಎಂಬ ಮಾತು ಸೊಸೆ ರೇಣುಕಾಳ ಕಿವಿಗೆ ಬಿತ್ತು. ಪಂಚಾಯಿತಿ ಆಫೀಸಿನಲ್ಲಿ ಕೆಲಸ ಅವಳಿಗೆ. ಸಂಜೆ ಬರುವಾಗ ಒಂದು ಬಾಕ್ಸ್ ಹೊತ್ತು ತಂದಳು. ಒಳಗೆಲ್ಲ ಬಾಟಲಿ. ಕಲಸುವ ಹಾಗಿಲ್ಲ, ಕಾಸುವ ಹಾಗಿಲ್ಲ, ಮುಚ್ಚಳ ತಿರುವಿ ಕುಡಿಯುವುದು ಅಷ್ಟೇ. ಬಣ್ಣ ಚಾಕ್ಲೇಟಿನದು. ರುಚಿ? ಚಾಕ್ಲೇಟ್ ತಿಂದವರು ಕೈ ತೊಳೆದ ನೀರಿನದು. ಮೇಲೆ ದಪ್ಪ ಅಕ್ಷರದಲ್ಲಿ ಎರಡು ಮಾತು: ಪ್ರೋಟೀನ್, ಲೈಟ್.

ಅಷ್ಟರಲ್ಲಿ ಪಕ್ಕದ ಮನೆಯ ಬಸಮ್ಮ ಬಂದಳು. (ಮಂಡಿಯ ಎದುರಿಗೆ ಮಿರ್ಚಿ ಕರಿಯುವವಳು. ಎಪ್ಪತ್ತೊಂಬತ್ತು ಕೆ.ಜಿ. ಮೊಣಕಾಲು ಉಳಿಯಬೇಕಾದರೆ ಸಣ್ಣಗಾಗು ಎಂದು ಅದೇ ಡಾಕ್ಟ್ರಮ್ಮ ಬಯ್ದು ಕಳಿಸಿದ್ದರು.) ಬಾಟಲಿ ನೋಡಿದ್ದೇ ಕಣ್ಣರಳಿಸಿದಳು.

“ಯಕ್ಕ, ಲೈಟ್ ಅಂತ ಬರದೈತಿ! ಸಣ್ಣ ಆಗೋರು ಕುಡಿಯೋದು. ನನಗ ಬೇಕು.”

“ಪ್ರೋಟೀನ್ ಅಂತನೂ ಬರದೈತಿ. ಮೈ ಹತ್ತಬೇಕಾದೋರು ಕುಡಿಯೋದು. ನನಗ ಬೇಕು.”

“ಒಂದ ಬಾಟ್ಲಿ ನಿನ್ನ ದಪ್ಪ ಮಾಡಿ ನನ್ನ ಸಣ್ಣ ಹೆಂಗ ಮಾಡತೈತಿ?”

“ಶೇಂಗಾ ಬಿತ್ತಿದಾಕಿ ಮಳಿ ಕೇಳ್ತಾಳ, ಹಪ್ಪಳ ಒಣಗಿಸಾಕಿ ಬಿಸಿಲು ಕೇಳ್ತಾಳ. ಇಬ್ಬರೂ ಒಂದ ದೇವ್ರಿಗೆ ಕೈ ಮುಗೀತಾರಿಲ್ಲೋ? ಹಂಗ.”

ಬಾಕ್ಸ್ ಅರ್ಧರ್ಧ ಆಯಿತು. ಮುಗಿದರೆ ಬಸಮ್ಮ ಇನ್ನೊಂದು ತರಿಸಿದಳು. ಬೆಳಿಗ್ಗೆ ಒಂದು, ಸಂಜೆ ಒಂದು.

ನನಗಂತೂ ಒಂದು ಬಾಟಲಿ ಇಳಿದರೆ ಹೊಟ್ಟೆ ಡಮ್ಮೆನ್ನುತ್ತಿತ್ತು. ರೊಟ್ಟಿ ಬುಟ್ಟಿ ಪಕ್ಕಕ್ಕೆ ಸರಿಸುತ್ತಿದ್ದೆ. ಔಷಧಿ ಹೋಗಿದೆಯಲ್ಲ, ಇನ್ನು ರೊಟ್ಟಿ ಯಾಕೆ? ಬಸಮ್ಮನದು ಬೇರೆ ದಾರಿ. ನಾಲ್ಕು ರೊಟ್ಟಿ, ಕಾಳುಪಲ್ಯ, ಮೇಲೆ ಅನ್ನ ಉಂಡು, ಆಮೇಲೆ ಬಾಟಲಿ ಎತ್ತುತ್ತಿದ್ದಳು. ಲೈಟ್ ಕುಡಿದ ಧೈರ್ಯದ ಮೇಲೆ ಇನ್ನೆರಡು ಮಿರ್ಚಿ.

ತಿಂಗಳು ತುಂಬಿತು. ಇಬ್ಬರೂ ಕೊಟ್ರಪ್ಪನ ಕಾಟಾ ಹತ್ತಿದೆವು.

ನಾನು ಮೂವತ್ತೈದೂವರೆ. ಬಸಮ್ಮ ಎಂಬತ್ತೂವರೆ.

“ಯಕ್ಕ, ನಿಂದು ನನಗ ಹತ್ತಿಬಿಟ್ಟೈತಲ್ಲೇ!” ಎಂದು ಬಸಮ್ಮ ಬಾಯಿ ಬಡಿದುಕೊಂಡಳು.

ಕೊಟ್ರಪ್ಪ ಬೆರಳು ಮಡಚಿ ನೋಡಿದ. “ಇಬ್ಬರನ್ನೂ ಕೂಡಿಸಿದ್ರ ಹೋದ ತಿಂಗಳಷ್ಟ ಐತಿ. ಮಾಲು ಎಲ್ಲೂ ಹೋಗಿಲ್ಲ ಬಿಡ್ರಿ, ಬಸಮ್ಮಕ್ಕನ ಗೋಡೌನಿನ್ಯಾಗ ಐತಿ.”

ಬಸಮ್ಮ ಅವನನ್ನು ಚೀಲಗಳ ಸುತ್ತ ಅಟ್ಟಾಡಿಸಿದಳು. (ಮೊಣಕಾಲು ನೋವು ಆಗ ಎಲ್ಲಿ ಹೋಗಿತ್ತೋ!) ನಾನು ನಕ್ಕೂ ನಕ್ಕೂ ನೆಲಕ್ಕೆ ಕುಕ್ಕರಿಸಿದೆ. ಗಂಟು ಎಷ್ಟು ಜೋರಾಗಿ ಹಿಡಿಯಿತೆಂದರೆ ಏಳಲು ಆಗಲಿಲ್ಲ. ಮೂರು ಕೆ.ಜಿ. ಏರಬೇಕಿದ್ದವಳು ಒಂದೂವರೆ ಇಳಿದಿದ್ದೆ. ಕತ್ತರಿ ದೂರ ಹೋಗುತ್ತಿತ್ತು, ಕರುಳು ಕಾಯುತ್ತದೆಯೇ?

ಮಾರನೆಯ ದಿನ ಖಾಲಿ ಬಾಟಲಿ ಸೆರಗಿನಲ್ಲಿ ಸುತ್ತಿಕೊಂಡು ಡಾಕ್ಟ್ರಮ್ಮನ ಹತ್ತಿರ ಹೋದೆ. ಅವರು ಮೊದಲು ಮಾಡಿದ್ದೇನು ಗೊತ್ತೇ? ಬಾಟಲಿಯನ್ನು ಹಿಂದಕ್ಕೆ ತಿರುಗಿಸಿದರು. ಮುಂದೆ ಅಕ್ಷರ ಹೆಬ್ಬೆರಳಿನಷ್ಟಿತ್ತು, ಹಿಂದೆ ಇರುವೆಯಷ್ಟು. ಪ್ರೋಟೀನ್ ಇಪ್ಪತ್ತು ಗ್ರಾಂ. ಕೊಬ್ಬು ಎರಡೂವರೆ. ಸಕ್ಕರೆ ಹೆಸರಿಗಷ್ಟೇ. ಕ್ಯಾಲೊರಿ ನೂರಿಪ್ಪತ್ತು.

“ಪ್ರೋಟೀನ್ ಛಲೋ ಐತಿ ಅಜ್ಜಿ, ಮೂರು ತತ್ತಿಯಷ್ಟು. ಆದ್ರ ಕ್ಯಾಲೊರಿ ಒಂದು ಜೋಳದ ರೊಟ್ಟಿಯಷ್ಟ. ಇದನ್ನ ಕುಡಿದು ಎಷ್ಟು ರೊಟ್ಟಿ ಬಿಟ್ರಿ?”

“ಮೂರು.”

“ಪಲ್ಯ?”

“ರೊಟ್ಟಿನ ಇಲ್ಲ ಅಂದಮ್ಯಾಲೆ ಪಲ್ಯ ನೆಕ್ಕಲೇನ್ರಿ?”

ಡಾಕ್ಟ್ರಮ್ಮ ಹಣೆ ಹಿಡಿದುಕೊಂಡರು. ನಗು ತಡೆಯಲಿಕ್ಕೋ, ಸಿಟ್ಟು ತಡೆಯಲಿಕ್ಕೋ ತಿಳಿಯಲಿಲ್ಲ.

ಈಗ ಹೇಳಿ, ಬಾಟಲಿಯದೇನು ತಪ್ಪು? ತನ್ನೊಳಗೆ ಏನಿದೆ, ಏನಿಲ್ಲ ಎಂದು ಬೆನ್ನ ಮೇಲೆ ಬರೆದುಕೊಂಡೇ ನಮ್ಮ ಮನೆಗೆ ಬಂದಿತ್ತು. ಮಂಡಿಯಲ್ಲಿ ಯಾವ ಖರೀದಿದಾರ ಚೀಲದ ಬಾಯಿಯ ಕಾಳು ನೋಡಿ ಮಾಲು ಎತ್ತುತ್ತಾನೆ? ಕೊಳವೆ ಚುಚ್ಚಿ, ಒಳಗಿನ ಕಾಳು ಅಂಗೈಗೆ ಸುರಿದುಕೊಂಡು, ಹಲ್ಲಿನಲ್ಲಿ ಕಡಿದು ನೋಡುತ್ತಾನೆ. ಇದನ್ನೆಲ್ಲ ನೋಡುತ್ತಲೇ ತಲೆ ಹಣ್ಣಾದ ನಾನು ಒಂದು ತಿಂಗಳು ಕುಡಿದ ಬಾಟಲಿಯ ಹಿಂಭಾಗ ನೋಡಲಿಲ್ಲ. ಓದಿದ ರೇಣುಕಾಳೂ ನೋಡಲಿಲ್ಲ. ನೀವು ನೋಡುತ್ತೀರಾ? ಸುಮ್ಮನೆ ತಲೆ ಆಡಿಸಬೇಡಿ.

ಅವತ್ತಿನಿಂದ ದಾರಿ ಅದಲು ಬದಲು. ನನಗೆ ಮೊದಲು ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಮೊಸರು. ಬಾಟಲಿ ಬೇಕಾದರೆ ಅದರ ಮೇಲೆ. ಬಸಮ್ಮನಿಗೆ ಸಂಜೆಯ ಮಿರ್ಚಿ ಬದಲು ಬಾಟಲಿ, ರೊಟ್ಟಿ ಎರಡಕ್ಕೇ ಬಂದ್.

“ನಾನ ಕರಿದ ಮಿರ್ಚಿ, ನನ್ನ ಕಣ್ಮುಂದ ಮಂದಿ ತಿಂತಾರ ಯಕ್ಕ. ಇದು ಯಾವ ಜನ್ಮದ ಪಾಪ?”

“ಹೋದ ತಿಂಗಳದ್ದು,” ಎಂದೆ.

ಎರಡೂವರೆ ತಿಂಗಳು ಹಿಡಿಯಿತು. ಬಸಮ್ಮ ಎಪ್ಪತ್ತೇಳಕ್ಕೆ ಇಳಿದಿದ್ದಾಳೆ. ಅದನ್ನು ದಿನಕ್ಕೆ ಹತ್ತು ಸಲ ಹೇಳುತ್ತಾಳೆ. ನಾನು ಮೊನ್ನೆ ಆಸ್ಪತ್ರೆಯ ಕಾಟಾ ಹತ್ತಿ ಉಸಿರು ಬಿಗಿಹಿಡಿದು ನಿಂತೆ. ನಲವತ್ತು ಕೆ.ಜಿ. ಇನ್ನೂರು ಗ್ರಾಂ! ರೇಣುಕಾ ನನ್ನನ್ನು ತಬ್ಬಿಕೊಂಡಳು. ಬಸಮ್ಮ ಅಲ್ಲೇ ಎರಡು ಸುತ್ತು ತಿರುಗಿದಳು, ನರ್ಸುಗಳು ಬೆಡ್ ಸರಿಸಿ ಜಾಗ ಮಾಡಿಕೊಟ್ಟರು. ಡಾಕ್ಟ್ರಮ್ಮ ಗುರುವಾರಕ್ಕೆ ಆಪರೇಷನ್ ಎಂದು ಚೀಟಿ ಬರೆದರು.

ಬರೆದು, ಕೊನೆಗೆ ಏನು ಹೇಳಬೇಕು ಗೊತ್ತೇ? ಬುಧವಾರ ರಾತ್ರಿಯಿಂದ ಏನೂ ತಿನ್ನಬಾರದಂತೆ, ಒಂದು ಗುಟುಕು ನೀರೂ ಕುಡಿಯಬಾರದಂತೆ. ಅಲ್ಲ, ಬೆಳಗಾಗುವುದರೊಳಗೆ ಆ ಇನ್ನೂರು ಗ್ರಾಂ ಇಳಿದುಹೋದರೆ ಯಾರು ಜವಾಬ್ದಾರಿ?